ಮಾಡಿದವನು ಮೊದಲು ಕೂರಬೇಕು

ಹೋದ ತಿಂಗಳು ಪಿರಿಯಾಪಟ್ಟಣದಿಂದ ಬೆಟ್ಟದಪುರಕ್ಕೆ ಹೋಗುವಾಗ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಡ್ರೈವರು ಬಾನೆಟ್ ಎತ್ತಿ ತಲೆ ಒಳಗೆ ತೂರಿಸಿದ ಮೇಲೆ ನಾವೆಲ್ಲ ಇಳಿದು ಹೊಂಗೆಮರದ ನೆರಳಿಗೆ ಬಂದೆವು. ಅಲ್ಲೇ ರಸ್ತೆ ಪಕ್ಕದ ಕುಲುಮೆಯಲ್ಲಿ ಎತ್ತಿನ ಗಾಡಿಯ ಗಾಲಿಗೆ ಪಟ್ಟೆ ಹಾಕುತ್ತಿದ್ದರು. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ಬಳೆಯನ್ನು ಇಕ್ಕಳದಿಂದ ಎತ್ತಿ ಮರದ ಗಾಲಿಯ ಮೇಲೆ ಇಳಿಸಿದರು. ಮರ ಹೊತ್ತಿಕೊಳ್ಳುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿದರು. ಹಬೆ ಎದ್ದಿತು. ಸುಟ್ಟ ಮರ, ಬಿಸಿ ಕಬ್ಬಿಣ, ಒದ್ದೆ ಬೂದಿ, ಎಲ್ಲ ಸೇರಿದ ಒಂದು ವಾಸನೆ... ಅಂಥ ವಾಸನೆ ಈಗ ಎಲ್ಲಿದೆ? ಊರೂರಲ್ಲೂ ರಬ್ಬರಿನ ಗಾಲಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹುಣಸೂರಿನ ಆ ಅಂಗಳದಲ್ಲಿ ನಿಂತಿದ್ದೆ, ಪಕ್ಕದಲ್ಲಿ ಭಾಯಿ ಇದ್ದ.

ಬಸ್ಸು ಸರಿಹೋಯಿತು, ಬೆಟ್ಟದಪುರದ ಕೆಲಸವೂ ಮುಗಿಯಿತು. ಭಾಯಿ ಮಾತ್ರ ತಲೆಯಿಂದ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಹಾರಾಜರ ಕಾಲದ ಮಾತು. ನಮ್ಮದು ಹನಗೋಡಿನ ಕಡೆ ಹೊಲ ಉಳುವ ಮನೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು ನಾನು, ಬಿ.ಎ. ಮುಗಿಸಿದ ಮೊದಲನೆಯವನೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಪುಕ್ಕಟೆ ಬಂದದ್ದಲ್ಲ ಅದು. ಓದಲೆಂದು ಅಪ್ಪ ನನ್ನನ್ನು ಹುಣಸೂರಿಗೆ ತಂದು ಬಿಟ್ಟಾಗ ನಾನು ಉಳಿದುಕೊಂಡ ಕೋಣೆ ಒಂದು ಗಾಲಿ ಮಾಡುವ ಅಂಗಳದ ಹಿಂದೆ ಇತ್ತು. ಅಂಗಳ ಒಬ್ಬ ಸಾಬರದು. ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಅವರ ಗಾಲಿಗೆ ಹೆಸರಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ಅವರಿಗೆ ಇದ್ದವನೊಬ್ಬನೇ ಮಗ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಓದಿನಲ್ಲಿ ಮಾತ್ರ ನನ್ನ ಜೊತೆಯವನು. ಅವನೇ ಭಾಯಿ.

ಆ ಅಂಗಳದ ಒಂದು ಬದಿಯಲ್ಲಿ ಹೆಂಚಿನ ಚಪ್ಪರದ ಕೆಳಗೆ ಮರ ಪೇರಿಸಿಟ್ಟಿದ್ದರು. ತೇಗ, ಹೊನ್ನೆ, ಜಾಲಿ. ಹೆಗ್ಗಡದೇವನಕೋಟೆಯ ಕಾಡಿನಿಂದ ಚಾಚಾರ ತಂದೆ, ಆಮೇಲೆ ಚಾಚಾ ತರಿಸಿದ್ದು. ಗಾಲಿಯ ಮರ ಹಸಿಯಿರಬಾರದು, ವರ್ಷಗಟ್ಟಲೆ ನೆರಳಿನಲ್ಲಿ ಒಣಗಬೇಕು. ಹಾಗಾಗಿ ಅಪ್ಪ ಕಡಿಸಿದ ಮರ ಮಗನಿಗೆ, ಮಗ ಕಡಿಸಿದ್ದು ಮೊಮ್ಮಗನಿಗೆ. ಬೇರೆಯವರ ಮನೆಯಲ್ಲಿ ಹೊಲ ಬಿಟ್ಟು ಹೋಗುವ ಹಾಗೆ ಅವರ ಮನೆಯಲ್ಲಿ ಒಣಗಿದ ಮರ ಬಿಟ್ಟು ಹೋಗುತ್ತಿದ್ದರು. ಆ ಮರದ ಮೇಲೆ ನಾವು ಕೂತು ಲೆಕ್ಕ ಬಿಡಿಸಿದರೂ ಚಾಚಿ ಬಯ್ಯುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಹೊಸ ಗಾಲಿ ಹಾಕಿದ ಗಾಡಿಯನ್ನು ಒಡೆಯನಿಗೆ ಒಪ್ಪಿಸುವ ಮೊದಲು ಗಾಲಿ ಮಾಡಿದವನೇ ಅದರಲ್ಲಿ ಕೂತು ಲಕ್ಷ್ಮಣತೀರ್ಥದ ಸೇತುವೆಯವರೆಗೂ ಹೋಗಿ ಬರಬೇಕು. ರಾವಂದೂರಿನಿಂದ ಬಂದ ಗೌಡನಾಗಲಿ, ಕೃಷ್ಣರಾಜನಗರದಿಂದ ಬಂದ ಸಾಹುಕಾರನಾಗಲಿ ಅಲ್ಲಿಯವರೆಗೂ ಗಾಡಿ ಹತ್ತುವಂತಿಲ್ಲ. ಚಾಚಾ ಹೋಗಿ ಬಂದು ಇಳಿದ ಮೇಲೆ ಒಡೆಯ ಅವರ ಕೈಗೆ ಎಲೆ ಅಡಿಕೆ ಕೊಡುತ್ತಿದ್ದ. ಆಮೇಲೆ ಗಾಡಿ ಅವನದು. "ಮಾಡ್ದೋನು ಕೂರ್ದೆ ಇರೋ ಗಾಡೀಲಿ ಬ್ಯಾರೆಯೋರ ಎಂಡ್ತಿ ಮಕ್ಳ ಕೂರಿಸ್ಬಾರ್ದು ಕಣಪ್ಪ," ಎಂದು ಚಾಚಾ ಒಮ್ಮೆ ನನಗೆ ಹೇಳಿದ್ದರು. ಅದೇನು ದೊಡ್ಡ ಮಾತೆಂದು ಅವರು ಹೇಳಿದ್ದಲ್ಲ, ನಮಾಜಿಗೆ ಹೊತ್ತಾಯಿತು ಎನ್ನುವ ಹಾಗೆ ಹೇಳಿದ್ದು.

ಹುಣಸೂರಿನ ಓದು ಮುಗಿದ ಮೇಲೆ ಇಬ್ಬರೂ ಮೈಸೂರಿಗೆ ಹೋದೆವು. ನಾನು ನಮ್ಮ ಜನದ ವಿದ್ಯಾರ್ಥಿನಿಲಯದಲ್ಲಿ, ಅವನು ಅವರ ಜನದ್ದರಲ್ಲಿ. ಇಂಟರ್ಮೀಡಿಯೆಟ್ ಓದುವಾಗ ಊರಾಚೆಯ ಮೈದಾನಕ್ಕೆ ಒಂದು ವಿಮಾನ ಬಂದಿದೆ, ದುಡ್ಡು ಕೊಟ್ಟವರನ್ನು ಹತ್ತಿಸಿಕೊಂಡು ಒಂದು ಸುತ್ತು ಹಾಕಿಸುತ್ತಾರೆ ಎಂದು ಸುದ್ದಿ ಹಬ್ಬಿತು. ಹತ್ತುವ ದುಡ್ಡು ನಮ್ಮಲ್ಲೆಲ್ಲಿ? ನೋಡಲು ಹೋದೆವು. ನಾನು ನೋಡಿದ್ದು ಅದು ಹಾರಿದ್ದನ್ನು. ಭಾಯಿ ನೋಡಿದ್ದು ಅದು ಇಳಿದು ನಿಂತ ಮೇಲೆ. ಜನರೆಲ್ಲ ಹಾರಿಸುವ ಬಿಳಿ ದೊರೆಯ ಸುತ್ತ ಮುತ್ತಿಕೊಂಡಿದ್ದಾಗ ಇವನು ಮೆಲ್ಲಗೆ ರೆಕ್ಕೆಯ ಕೆಳಗೆ ನುಸುಳಿ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಮರಳಿ ಬಂದಾಗ ಅವನ ಮುಖ ಬೇರೆಯೇ ಆಗಿತ್ತು.

"ಮರ ಕಣೋ," ಎಂದ. "ಒಳಗೆಲ್ಲ ಮರ. ಮೇಲೆ ಬಟ್ಟೆ ಹೊದಿಸಿ ಬಣ್ಣ ಬಳಿದವ್ರೆ. ನಮ್ಮ ಅಂಗಳದ ಕೆಲಸಾನೇ ಇದು."

"ಹಂಗಾದ್ರೆ ನಿಮ್ಮಪ್ಪನ ಗಾಡಿಗೂ ಬಟ್ಟೆ ಹೊದಿಸು, ಹಾರೀತು," ಎಂದೆ.

ಅವನು ನಗಲಿಲ್ಲ. ಹಾಸ್ಟೆಲಿನ ಬಾಗಿಲಲ್ಲಿ ನಿಂತು, "ನಾನು ಅದನ್ನ ಓಡಿಸ್ಬೇಕು," ಎಂದಷ್ಟೇ ಹೇಳಿ ಒಳಗೆ ಹೋದ. ಆ ವಯಸ್ಸಿನಲ್ಲಿ ಎಲ್ಲರೂ ಏನಾದರೊಂದು ಆಗುತ್ತೇನೆ ಎನ್ನುತ್ತಾರೆ. ನಾನು ಅಮಲ್ದಾರ ಆಗುತ್ತೇನೆ ಎಂದಿದ್ದೆ... ಆದರೆ ಅವನು ಆ ಮಾತನ್ನು ಬಿಡಲಿಲ್ಲ. ಮದರಾಸಿನಲ್ಲಿ ವಿಮಾನ ಕಲಿಸುವ ಒಂದು ಕ್ಲಬ್ಬು ಇದೆ ಎಂದು ಯಾರಿಂದಲೋ ತಿಳಿದುಕೊಂಡ. ಅದರ ಫೀಸು ಕೇಳಿದರೆ ನಮ್ಮಂಥವರಿಗೆ ಎದೆ ಒಡೆಯುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಅಪ್ಪನನ್ನು ಕೇಳಬೇಕು. ಹೇಳದೆ ಓಡಿಹೋಗಿ ಪಲ್ಟನ್ನು ಸೇರಿದ ಹುಡುಗರು ನಮ್ಮ ಕಡೆ ಬೇಕಾದಷ್ಟಿದ್ದರು. ಭಾಯಿ ಆ ಜಾತಿಯವನಲ್ಲ. ಅಪ್ಪನ ಅಪ್ಪಣೆ, ಅವನ ಮಾತಿನಲ್ಲಿ ಇಜಾಜತ್, ಇಲ್ಲದೆ ಅವನು ಸಿನಿಮಾಕ್ಕೂ ಬರುತ್ತಿರಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಕೇಳಿದ. ನಾನೂ ಇದ್ದೆ, ಊಟಕ್ಕೆ ಕೂತಿದ್ದೆವು. ಮೊದಲು ಮಾತಾಡಿದವರು ಚಾಚಿ.

"ಮೋಡದಾಗೆ ಇರೋನಿಗೆ ಯಾರು ಹೆಣ್ಣು ಕೊಡ್ತಾರೆ? ಮನೆ ಎಲ್ಲದೆ ಅಂತ ಕೇಳಿದ್ರೆ ಮ್ಯಾಕ್ಕೆ ಕೈ ತೋರಿಸ್ಲಾ?"

"ಅಮ್ಮಿ, ಸಾಯಂಕಾಲ ಇಳೀತಾರೆ."

"ಇಳಿಯೋದೇ ಆದ್ರೆ ಹತ್ತೋದ್ಯಾಕೆ?"

ಚಾಚಾ ನಗುತ್ತಲೇ ಕೈ ತೊಳೆದರು. ಆಮೇಲೆ ಒಂದೇ ಒಂದು ಮಾತು ಕೇಳಿದರು. "ಅದನ್ನ ಮಾಡ್ದೋನು ಅದರಲ್ಲಿ ಕೂರ್ತಾನಾ?"

ಭಾಯಿ ತಬ್ಬಿಬ್ಬಾದ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಹುಡುಗನೂ ಅಲ್ಲ. "ಬಂದು ನೋಡಿ ಅಬ್ಬಾ, ನೀವೇ ಕೇಳಿ," ಎಂದುಬಿಟ್ಟ. ಅದೇ ಅವನು ಮಾಡಿದ ತಪ್ಪು.

ಸ್ವಲ್ಪ ದಿನದಲ್ಲೇ ಅದೇ ಮೈದಾನಕ್ಕೆ ಮತ್ತೊಂದು ವಿಮಾನ ಬಂತು. ಚಾಚಾ ಜುಮ್ಮಾ ದಿನದ ಶೇರ್ವಾನಿ ತೊಟ್ಟು ಹುಣಸೂರಿನಿಂದ ಬಂದರು. ಹಾರಿಸುವ ದೊರೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಹೋದದ್ದು, ಇಂಜಿನ್ನಿನ ಹತ್ತಿರ ಎಣ್ಣೆ ಬಟ್ಟೆ ಹಿಡಿದು ನಿಂತಿದ್ದ ಮೆಕ್ಯಾನಿಕ್ಕಿನ ಹತ್ತಿರ. ಆತ ಮದರಾಸಿನವನು, ಹರಕುಮುರುಕು ಕನ್ನಡ ಬರುತ್ತಿತ್ತು.

"ಇದನ್ನ ರಿಪೇರಿ ಮಾಡೋರು ನೀವೇನಾ?"

"ನಾನೇ ಸಾಮಿ."

"ಮಾಡಿದ್ಮೇಲೆ ಇದರಲ್ಲಿ ಮೊದ್ಲು ಕೂರೋರೂ ನೀವೇನಾ?"

ಮೆಕ್ಯಾನಿಕ್ಕು ಬೆಚ್ಚಿಬಿದ್ದವನ ಹಾಗೆ ಎರಡೂ ಕೈ ಆಡಿಸಿದ. "ನಾನಾ? ಅಯ್ಯಯ್ಯೋ, ನನಗೆ ಮನೇಲಿ ಹೆಂಡ್ತಿ ಮಕ್ಕಳು ಇದ್ದಾರೆ ಸಾಮಿ."

ಚಾಚಾ ಅವನಿಗೆ ಸಲಾಂ ಹೇಳಿ ಮರಳಿ ಬಂದರು. ಬೈಯಲಿಲ್ಲ, ಗದರಲಿಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟು, "ಬುಡು ಬೇಟಾ," ಎಂದರು. "ಮಾಡ್ದೋನೇ ನಂಬ್ದೆ ಇರೋದನ್ನ ನಾನೆಂಗೆ ನಂಬ್ಲಿ?" ಸಾಯಂಕಾಲದ ಬಸ್ಸಿಗೆ ಚಾಚಾರನ್ನು ಹತ್ತಿಸಿ ನಾವಿಬ್ಬರೂ ನಡೆದುಕೊಂಡು ಬಂದೆವು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ ನಾನು. ಇಂಟರ್ ಪಾಸಾಯಿತು, ಇಬ್ಬರೂ ಬಿ.ಎ. ಸೇರುವವರಿದ್ದೆವು. ಆಗ ಭಾಯಿ ನನ್ನ ಕೋಣೆಗೆ ಬಂದು ತಾನು ಮದರಾಸಿಗೆ ಹೋಗುತ್ತೇನೆ ಎಂದ. ಆ ಕ್ಲಬ್ಬಿನ ಷೆಡ್ಡಿನಲ್ಲಿ ಮರಗೆಲಸದವರು ಬೇಕಂತೆ, ಮುರಿದ ರೆಕ್ಕೆ ಕಟ್ಟುವ ಕೆಲಸವಂತೆ. ಅಪ್ಪನನ್ನು ಕೇಳಿಯಾಗಿದೆಯಂತೆ. ಮರದ ಕೆಲಸ ತಾನೆ, ಹೋಗು ಎಂದರಂತೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬಿ.ಎ. ಬಿಟ್ಟು ಉಳಿ ಹಿಡಿಯೋಕೆ ಹೋಗ್ತೀಯೇನಲಾ? ಉಳಿ ನಿಮ್ಮನೇಲೇ ಇರಲಿಲ್ವಾ? ನನ್ನಂಥೋನು ಒಂದು ಡಿಗ್ರಿಗೆ ಎಷ್ಟು ಒದ್ದಾಡ್ತಾ ಇದೀನಿ, ನೀನು ಕೈಗೆ ಬಂದದ್ದನ್ನ ಒದೀತಾ ಇದೀಯ."

"ನಿನಗೆ ಬಿ.ಎ. ಬೇಕು, ಓದು. ನನಗೆ ಬೇಕಾದ್ದು ಅಲ್ಲಿ ಅದೆ. ಅದಕ್ಕೆ ದಾರಿ ಇದೊಂದೇ ಕಣೋ," ಎಂದ ಅವನು. ದನಿ ಎತ್ತಲಿಲ್ಲ.

ಊರಿನವರಿಗೆ ಆಡಿಕೊಳ್ಳಲು ಒಳ್ಳೆಯ ಮಾತು ಸಿಕ್ಕಿತು. ಗಾಲಿ ಕೊಳ್ಳಲು ಬಂದವರೆಲ್ಲ, "ಏನ್ ಸಾಬ್ರೇ, ಮಗ ಕಾಲೇಜು ಓದಿ ಮರ ಕೆತ್ತೋದು ಕಲ್ತ್ನಂತೆ?" ಎಂದು ಕೇಳುವವರೇ. ಚಾಚಾ, "ಊಂ ಕಣಪ್ಪ, ಇಂಗ್ಲಿಷ್ ಮರ ಕೆತ್ತುತಾನಂತೆ," ಎಂದು ನಕ್ಕು ಕೊಡತಿ ಎತ್ತಿಕೊಳ್ಳುತ್ತಿದ್ದರು.

ಮೊದಲ ದಿನಗಳ ಕಥೆಯನ್ನು ಭಾಯಿ ಆಮೇಲೆ ನನಗೆ ಹೇಳಿದ. ಗಾಲಿ ಮಾಡುವವರು ಮರದ ತುಂಡುಗಳನ್ನು ಕೂಡಿಸುವಾಗ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತಾರೆ. ಬಿಸಿ ಪಟ್ಟೆ ಆರುತ್ತ ಆರುತ್ತ ಕುಗ್ಗಿ, ಗಾಲಿಯನ್ನೆಲ್ಲ ಹಿಂಡಿ ಆ ಸಂದನ್ನು ಮುಚ್ಚುತ್ತದೆ. ಹಾಗೆ ಸಂದು ಬಿಡದವನು ಗಾಲಿ ಕೆಲಸದವನೇ ಅಲ್ಲ. ಭಾಯಿ ತನ್ನ ಮೊದಲ ರೆಕ್ಕೆಯ ಪಕ್ಕೆಲುಬುಗಳಿಗೂ ಅಷ್ಟೇ ಜೋಪಾನವಾಗಿ ಸಂದು ಬಿಟ್ಟು ಕೂಡಿಸಿದನಂತೆ. ಅಲ್ಲಿನ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, ನೆಲಕ್ಕೆ ಹಾಕಿ ತುಳಿದನಂತೆ. ರೆಕ್ಕೆಯನ್ನು ಬಿಗಿಯಲು ಯಾವ ಪಟ್ಟೆಯೂ ಬರುವುದಿಲ್ಲ. ಅಂಟು, ಮರ, ಅಷ್ಟೇ. ಅಪ್ಪನ ಮನೆಯಲ್ಲಿ ಕಲಿತ ಕೈಯನ್ನು ಮರೆಯಲು ಅವನಿಗೆ ತಿಂಗಳುಗಳೇ ಬೇಕಾದವು. "ಓದಿದ್ದು ಮರೆಯೋದು ಸುಲಭ ಕಣೋ," ಎನ್ನುತ್ತಿದ್ದ, "ಕೈ ಮರೆಯೋದಿಲ್ಲ."

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ, ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ಮದರಾಸಿನಿಂದ ನನಗೊಂದು ಕಾರ್ಡು ಬಂತು. ಒಂದು ವಿಮಾನದ ರೆಕ್ಕೆಯನ್ನು ಮೊದಲಿನಿಂದ ಕೊನೆಯವರೆಗೂ ತಾನೊಬ್ಬನೇ ಕಟ್ಟಿದ್ದೇನೆ ಎಂದು ಬರೆದಿದ್ದ. ಅದನ್ನು ಹಾರಿಸಿ ನೋಡುವಾಗ ತಾನೂ ಕೂರಬೇಕು, ಇದು ನಮ್ಮ ಮನೆಯ ಪದ್ಧತಿ ಎಂದು ಕಲಿಸುವ ದೊರೆಗೆ ಹೇಳಿದನಂತೆ. ದೊರೆ ನಕ್ಕು, ಬಡಗಿ ಕೂರುವುದಾದರೆ ಅಂಟು ಚೆನ್ನಾಗಿ ಹಾಕುತ್ತಾನೆ, ಕೂರಲಿ ಎಂದನಂತೆ. ಆದರೆ ಅಪ್ಪ ಬೇಡ ಎಂದದ್ದು ಹಾಗೇ ಇದೆಯಲ್ಲ. ವಿಮಾನ ಷೆಡ್ಡಿನಲ್ಲಿ ಕಾಯುತ್ತಿದೆ, ದೊರೆ ಹೆಚ್ಚು ದಿನ ಕಾಯುವವನಲ್ಲ, ನೀನು ಅಬ್ಬಾರಿಗೆ ಹೇಳು ಎಂದು ಮುಗಿಸಿದ್ದ.

ನಾನು ಅಂದೇ ಹುಣಸೂರಿಗೆ ಹೋದೆ. ಚಾಚಾ ಗಾಲಿಯ ನಡುವಿನ ಗುಂಬ ಕೊರೆಯುತ್ತಿದ್ದರು. ಓದಿ ಹೇಳಿದೆ. ಕೈ ನಿಲ್ಲಿಸಿದರು.

"ಮಾಡಿರೋನು ಅವ್ನೇನಾ?"

"ಹೌದು ಚಾಚಾ."

"ಬ್ಯಾರೆ ಯಾರೂ ಕೈ ಆಕಿಲ್ವಾ?"

"ಒಬ್ನೇ ಕಟ್ಟಿದೀನಿ ಅಂತ ಬರ್ದವ್ನೆ."

ಗುಂಬದ ಮೇಲಿನ ಮರದ ಪುಡಿಯನ್ನು ಊದಿದರು. ಆಮೇಲೆ, ಯಾರೋ ತಮ್ಮನ್ನು ಜಗಲಿಯ ಮೂಲೆಗೆ ಒತ್ತಿ ನಿಲ್ಲಿಸಿದ್ದಾರೇನೋ ಎನ್ನುವ ಹಾಗೆ, "ಅಂಗಾದ್ರೆ ಕೂರ್ಲೇಬೇಕಲ್ಲ..." ಎಂದರು. ಒಳಗಿನಿಂದ ಚಾಚಿ ಕೇಳಿಸಿಕೊಂಡು ಬಾಗಿಲಿಗೆ ಬಂದರು. "ಕೂರ್ಲೇಬೇಕು ಅಂದ್ರೆ? ಬಿದ್ರೆ ನಾನು ಯಾರನ್ನ ಬೈಲಿ, ಗಾಲೀನಾ?" ಚಾಚಾ ನನ್ನ ಕಡೆ ತಿರುಗಿ, "ಗೌಡ್ರೇ, ನಿಮ್ಗೆ ಇಂಗ್ಲಿಷ್ ಬತ್ತದೆ. ಮದ್ರಾಸ್ಗೆ ನನ್ ಜೊತೆ ಬನ್ನಿ. ಒಂದ್ಸಲ ನೋಡ್ಬೇಕು ನಾನು," ಎಂದರು. ಚಾಚಿ ಅಷ್ಟು ಬೈದರೂ ದಾರಿಗೆ ರೊಟ್ಟಿ ಕಟ್ಟಿಕೊಟ್ಟರು. ಮಗನಿಗೆ ಬೇರೆ ಗಂಟು.

ರೈಲಿನಲ್ಲಿ ಚಾಚಾ ನಿದ್ದೆ ಮಾಡಲಿಲ್ಲ. ನಾನು ಚೆನ್ನಾಗಿ ಮಲಗಿದೆ.

ಷೆಡ್ಡಿನ ಮುಂದೆ ಭಾಯಿ ನಿಂತಿದ್ದ. ಕೈಯೆಲ್ಲ ಅಂಟು. ಚಾಚಾ ಸಲಾಂ ತೆಗೆದುಕೊಂಡು ನೇರವಾಗಿ ವಿಮಾನದ ಹತ್ತಿರ ನಡೆದರು. ರೆಕ್ಕೆಯನ್ನು ತಟ್ಟಿದರು. ಬಟ್ಟೆ ಡಬ್ ಎಂದಿತು. ಅವರ ಮುಖ ಹುಳ್ಳಗಾಯಿತು.

"ಬಟ್ಟೆ ಒದಿಸ್ಬುಟ್ಟಿದ್ದೀಯ. ನಾನು ಏನ ನೋಡ್ಲಿ?"

ಭಾಯಿ ಅವರನ್ನು ಒಳಗೆ ಕರೆದುಕೊಂಡು ಹೋಗಿ, ಇನ್ನೂ ಬಟ್ಟೆ ಹೊದಿಸದ ಇನ್ನೊಂದು ರೆಕ್ಕೆಯನ್ನು ತೋರಿಸಿದ. ಅದೂ ಅವನು ಕಟ್ಟುತ್ತಿದ್ದದ್ದೇ. ಮೀನಿನ ಮುಳ್ಳಿನ ಹಾಗೆ ಸಾಲಾಗಿ ಪಕ್ಕೆಲುಬುಗಳು, ಬೆಳ್ಳನೆಯ ಹಗುರ ಮರ. ಚಾಚಾ ಒಂದೊಂದು ಕೂಡುವ ಜಾಗದ ಮೇಲೂ ಹೆಬ್ಬೆರಳು ಸವರಿಕೊಂಡು ಈ ತುದಿಯಿಂದ ಆ ತುದಿಗೆ ಹೋದರು.

"ಸಂದೇ ಬುಟ್ಟಿಲ್ವಲ್ಲೋ."

"ಬುಡಂಗಿಲ್ಲ ಅಬ್ಬಾ. ಇದನ್ನ ಬಿಗಿಯೋಕೆ ಪಟ್ಟೆ ಇಲ್ಲ."

"ಪಟ್ಟೆ ಇಲ್ದೆ ನಿಂತ್ಕತ್ತದಾ?"

"ನಿಂತ್ಕತ್ತದೆ."

"ನೀನು ಕೂರ್ತೀಯಾ?"

"ನೀವು ಊಂ ಅಂದ್ರೆ ಕೂರ್ತೀನಿ."

ಚಾಚಾ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು, ಎಲ್ಲಾದರೂ ಮುಳ್ಳು ಚುಚ್ಚಿತೇನೋ ಎನ್ನುವ ಹಾಗೆ. ಚುಚ್ಚಿರಲಿಲ್ಲ. "ಊಂ," ಎಂದರು.

ದೊರೆ ಬಂದ. ಹಿಂದಿನ ಕೂರುವ ಗುಂಡಿಯಲ್ಲಿ ಅವನು, ಮುಂದಿನದರಲ್ಲಿ ಭಾಯಿ. ತಲೆಗೆ ತೊಗಲಿನ ಟೋಪಿ ಹಾಕಿಕೊಂಡ ಮೇಲೆ ಇವನು ನಮ್ಮವನೇ ಎಂದು ಗುರುತೇ ಹತ್ತಲಿಲ್ಲ. ಇಂಜಿನ್ನು ಸದ್ದು ಮಾಡಿತು, ಧೂಳೆದ್ದಿತು, ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿ ನೆಲ ಬಿಟ್ಟಿತು. ನಾನು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಚಾಚಾ ನೆಲ ನೋಡುತ್ತಿದ್ದರು. ಮೈದಾನದ ಮೇಲೆ ವಿಮಾನದ ನೆರಳು ಹರಿದು ಹೋಗುತ್ತಿತ್ತಲ್ಲ, ಅದನ್ನೇ ಹಿಂಬಾಲಿಸುತ್ತಿದ್ದರು ಅವರ ಕಣ್ಣು. ನೆರಳು ಬೇಲಿ ದಾಟಿ ಮರೆಯಾದಾಗ ಕೂತುಬಿಟ್ಟರು. ತುಟಿ ಅಲ್ಲಾಡುತ್ತಿತ್ತು. ಅದು ಮತ್ತೆ ಬೇಲಿ ದಾಟಿ ಈಚೆಗೆ ಬಂದಾಗ ಎದ್ದು ನಿಂತು ಪಂಚೆ ಕೊಡವಿಕೊಂಡರು.

ವಿಮಾನ ನಿಂತಿತು. ಭಾಯಿ ಇಳಿದು ಬಂದ, ಮುಖದ ತುಂಬ ನಗು. ಚಾಚಾ ಅವನ ಹತ್ತಿರ ಹೋಗಲಿಲ್ಲ. ಚೀಲದಿಂದ ಎಲೆ ಅಡಿಕೆಯ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟರು. ಹುಣಸೂರಿನಿಂದಲೇ ತಂದದ್ದು, ನನಗೆ ಹೇಳಿರಲೇ ಇಲ್ಲ. "ದೊರೆಗೆ ಕೊಡಿ. ಗಾಡಿ ಅವ್ರದು. ಮಾಡ್ದೋನ್ಗೆ ಅವ್ರು ಕೊಡ್ಬೇಕು."

ಕಾಲೇಜಿನಲ್ಲಿ ನಾನು ಕಲಿತ ಇಂಗ್ಲಿಷಿನಲ್ಲಿ ಇದಕ್ಕೆ ಮಾತುಗಳಿರಲಿಲ್ಲ. ಹೇಗೋ ಹೇಳಿದೆ. ದೊರೆ ಅದನ್ನು ತನಗೇ ಕೊಟ್ಟದ್ದೆಂದು ತಿಳಿದು ಒಂದು ಎಲೆ ಬಾಯಿಗೆ ಹಾಕಿಕೊಳ್ಳಲು ಹೋದ. ಭಾಯಿ ಮುಂದೆ ಬಂದು ಬಿಡಿಸಿ ಹೇಳಿದ ಮೇಲೆ, ಅವನು ನೆಟ್ಟಗೆ ನಿಂತು, ಪದಕ ಕೊಡುವವನ ಹಾಗೆ ಎಲೆ ಅಡಿಕೆಯನ್ನು ಎರಡೂ ಕೈಯಿಂದ ಭಾಯಿಗೆ ಕೊಟ್ಟ. ಷೆಡ್ಡಿನವರೆಲ್ಲ ಬಂದು ನೋಡುತ್ತಿದ್ದರು. ಯಾರೂ ನಗಲಿಲ್ಲ.

ಆಗ ಚಾಚಾ ಮಗನ ಹತ್ತಿರ ಬಂದರು. "ಇನ್ ಓಡ್ಸೋದೂ ಕಲ್ತ್ಕೋ," ಎಂದರು. "ಕೂತ್ಮೇಲೆ ಓಡ್ಸೋದ್ರಾಗೆ ಏನದೆ."

ಒಪ್ಪಿಗೆ ಸಿಕ್ಕಿತು, ಫೀಸು ಸಿಕ್ಕಬೇಕಲ್ಲ. ಷೆಡ್ಡಿನ ಕೆಲಸದವನೆಂದು ಕ್ಲಬ್ಬಿನವರು ಸ್ವಲ್ಪ ಬಿಟ್ಟರು, ಉಳಿದದ್ದೂ ಬೆಟ್ಟದಷ್ಟಿತ್ತು. ಸಿಪಾಯಿಗಳ ಸಾಮಾನು ಸಾಗಿಸಲು ಗಾಡಿಗಳು ಬೇಕೆಂದು ಯುದ್ಧದ ಗುತ್ತಿಗೆದಾರನೊಬ್ಬ ಹುಣಸೂರಿನಲ್ಲಿ ಕೇಳಿಕೊಂಡು ತಿರುಗುತ್ತಿದ್ದ. ಅಷ್ಟೊಂದು ಗಾಲಿಗೆ ಒಣಮರ ಇಲ್ಲ ಎಂದು ಚಾಚಾ ಮೊದಲು ಅವನನ್ನು ಕಳಿಸಿಬಿಟ್ಟಿದ್ದರು. ಇಲ್ಲ ಎಂದದ್ದು, ಭಾಯಿಗೆಂದು ಇಟ್ಟ ಮರವನ್ನು ಮರವೆಂದೇ ಎಣಿಸದೆ. ಮದರಾಸಿನಿಂದ ಮರಳಿದ ಕೂಡಲೇ ಚಾಚಾ ಅವನನ್ನು ಕರೆಸಿದರು. ಆ ವರ್ಷವೆಲ್ಲ ಅಂಗಳದಲ್ಲಿ ಪಟ್ಟೆಯ ಬೆಂಕಿ ಆರಲಿಲ್ಲ. ನಾನು ಊರಿಗೆ ಬಂದಾಗಲೆಲ್ಲ ಚಪ್ಪರದ ಕೆಳಗಿನ ಮರ ಇಳಿಯುತ್ತಿತ್ತು. ಕೊನೆಗೊಂದು ದಿನ ನೆಲ ಕಂಡಿತು. ಚಾಚಿ ಅಲ್ಲಿ ಗುಡಿಸಿ ನೀರು ಹಾಕಿ, ಮೆಣಸಿನಕಾಯಿ ಒಣಗಲು ಹರಡಿದರು.

ಆಮೇಲೆ ಎಷ್ಟೋ ವರ್ಷ ಚಾಚಾ ಗಾಲಿ ಮಾಡಲಿಲ್ಲ. ಹಸಿ ಮರದಲ್ಲಿ ಗಾಲಿ ಮಾಡಿ ತಮ್ಮ ಹೆಸರು ಹಾಕಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಮಂಚ ಮಾಡಿದರು, ಬಾಗಿಲು ಮಾಡಿದರು. ಗಾಲಿ ಕೇಳಿಕೊಂಡು ಬಂದವರಿಗೆ, "ಮರ ಎಲ್ಲ ಮ್ಯಾಕ್ಕೆ ಆರೋಯ್ತು ಕಣಪ್ಪ," ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು. ಆ ನಗು ಸುಳ್ಳಲ್ಲ ಎಂದು ನಾನು ಹೇಳಬಲ್ಲೆ.

ನಾನು ಬಿ.ಎ. ಪಾಸಾದೆ. ಅದಾಗಿ ಒಂದು ವರ್ಷಕ್ಕೆ ಭಾಯಿಗೆ ಹಾರಿಸುವ ಲೈಸೆನ್ಸು ಸಿಕ್ಕಿತು. ಯುದ್ಧ ಮುಗಿಯುವವರೆಗೂ ಸಾಮಾನಿನ ವಿಮಾನ ಹಾರಿಸಿದ, ಮುಗಿದ ಮೇಲೆ ಜನರನ್ನು ಕೂರಿಸಿಕೊಂಡು ಹೋಗುವ ಕಂಪೆನಿ ಸೇರಿದ. ಮೋಡದಾಗೆ ಇರುವವನಿಗೆ ಹೆಣ್ಣೂ ಸಿಕ್ಕಿತು, ಮೈಸೂರಿನ ಒಳ್ಳೆಯ ಮನೆತನದ್ದೇ. ಮದುವೆಯಲ್ಲಿ ಚಾಚಿ ಬಂದವರಿಗೆಲ್ಲ, "ನನ್ ಮಗ ಸಾಯಂಕಾಲ ಇಳೀತಾನೆ," ಎಂದು ತಾವೇ ಹೇಳಿಕೊಂಡು ಓಡಾಡಿದರು.

ಅಪ್ಪನನ್ನು ಒಮ್ಮೆ ಹತ್ತಿಸಿಕೊಂಡು ಹೋಗಬೇಕೆಂದು ಭಾಯಿಗೆ ಬಲವಾದ ಆಸೆ ಇತ್ತು. ಟಿಕೀಟು ತಂದು ಕೊಟ್ಟ. ಬೆಂಗಳೂರಿನವರೆಗೂ ಕರೆದುಕೊಂಡು ಬಂದ. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಆ ದೊಡ್ಡ ವಿಮಾನವನ್ನು ಚಾಚಾ ಸುತ್ತು ಹಾಕಿ ನೋಡಿ, ಗೆಣ್ಣಿನಿಂದ ತಟ್ಟಿದರಂತೆ.

"ಇದು ತಗಡು."

"ಹೌದು ಅಬ್ಬಾ, ಈಗೆಲ್ಲ ತಗಡಿನದೇ."

"ನೀನು ಮಾಡಿದ್ದಾ?"

"ಇಲ್ಲ, ಅಮೆರಿಕಾದಾಗೆ ಮಾಡಿದ್ದು."

"ಅಂಗಾದ್ರೆ ನೀನು ಓಗ್ಬುಟ್ಟು ಬಾ. ನಾನು ಇಲ್ಲೇ ಕೂತಿರ್ತೀನಿ," ಎಂದು ಪಂಚೆ ಮಡಿಚಿ ಬೆಂಚಿನ ಮೇಲೆ ಕೂತರಂತೆ. ಭಾಯಿ ಇದನ್ನು ಹೇಳುವಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಹತ್ತಲಿಲ್ಲವೆಂಬ ಕೊರಗು ಅವನಿಗೆ ಇರಲಿಲ್ಲ. ಹತ್ತಿದ್ದರೆ ಅವರು ನಮ್ಮಪ್ಪ ಆಗ್ತಿರಲಿಲ್ಲ ಕಣೋ, ಎನ್ನುತ್ತಿದ್ದ.

ಚಾಚಾ ತೀರಿಕೊಂಡರು, ಅವರ ಹಿಂದೆಯೇ ಚಾಚಿ. ಕೆಲಸದಿಂದ ನಿವೃತ್ತನಾದ ಮೇಲೆ ಭಾಯಿ ಬೆಂಗಳೂರಿನಲ್ಲಿ ನಿಲ್ಲದೆ ಹುಣಸೂರಿಗೇ ಬಂದ. ಅಷ್ಟು ಹೊತ್ತಿಗೆ ನಾನೂ ಪೆನ್ಷನ್ ತೆಗೆದುಕೊಂಡು ಹನಗೋಡು ಸೇರಿದ್ದೆ. ಅಮಲ್ದಾರ ಆಗಲಿಲ್ಲ, ಮೇಷ್ಟರಾದೆ, ಅದೂ ಚೆನ್ನಾಗಿಯೇ ಆಯಿತು. ಸಂತೆಯ ದಿನ ಬಸ್ಸು ಹತ್ತಿ ಹೋದರೆ ಅವನ ಜಗಲಿಯಲ್ಲಿ ಸಾಯಂಕಾಲದವರೆಗೂ ಮಾತು. ಏನು ಮಾತು ಎಂದರೆ ಏನೂ ಇಲ್ಲ... ಯಾರು ಹೋದರು, ಯಾರಿದ್ದಾರೆ, ಹೊಗೆಸೊಪ್ಪಿಗೆ ಈ ಸಲ ರೇಟು ಹೇಗೆ. ವಿಮಾನದ ಮಾತನ್ನು ನಾನಾಗಿ ಕೇಳಿದರೆ ಮಾತ್ರ ಆಡುತ್ತಿದ್ದ. ಹೆದರಿಕೆ ಆಗಿದ್ದಿದೆಯೇನೋ ಎಂದು ಒಮ್ಮೆ ಕೇಳಿದೆ. "ಬೇಕಾದಷ್ಟು ಸಲ," ಎಂದ. "ಕದ್ದು ಬಂದಿದ್ರೆ ಸತ್ತೇಹೋಗ್ತಿದ್ದೆ. ಕೇಳ್ಕೊಂಡು ಬಂದಿದ್ದೆನಲ್ಲ, ಅದೊಂದು ಧೈರ್ಯ."

ಹೋದ ವರ್ಷ ಮಳೆಗಾಲದಲ್ಲಿ ಅವನು ಹೋದ. ಸುದ್ದಿ ನನಗೆ ತಡವಾಗಿ ಮುಟ್ಟಿತು, ಬಸ್ ಕಂಡಕ್ಟರನಿಂದ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನವಾಗಿತ್ತು. ಅವನ ಹೆಂಡತಿ, ನನ್ನ ಭಾಭಿ, ಒಳಮನೆಯಲ್ಲಿ ಕೂತಿದ್ದರು, ಸೊಸೆ ಚಹಾ ತಂದುಕೊಟ್ಟಳು. ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಒರಗುತ್ತೇನೆ ಎಂದು ಮಲಗಿದವನು ಏಳಲಿಲ್ಲವಂತೆ.

"ಪಕ್ಕದ ಬೀದಿಗೆ ಹೋದ್ರೂ ಹೇಳಿ ಹೋಗೋರು," ಎಂದರು ಭಾಭಿ. "ಈ ಸಲ ಯಾರಿಗೂ ಹೇಳ್ಲಿಲ್ಲ ನೋಡಿ."

ಇಡೀ ಆಯುಸ್ಸು ತರಗತಿಯಲ್ಲಿ ನಿಂತು ಮಾತಾಡಿದವನು ನಾನು. ಚಹಾ ಕುಡಿದೆ. ಬಸ್ಸಿನ ಹೊತ್ತಾಗಿತ್ತು. ಇನ್ನು ಸಂತೆಯ ದಿನ ಈ ಕಡೆ ಬರಲು ನನಗೆ ಕೆಲಸವೇನೂ ಇರಲಿಲ್ಲ. ಎದ್ದು ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡೆ.

"ಬರ್ತೀನಿ ಭಾಭಿ," ಎಂದೆ. ಮುಂದಿನ ಸಂತೆಯ ದಿನ ಆ ಜಗಲಿಗೆ ಹೋದೆ ಕೂಡ.